ಏನೊಂದೂ ಕಳೆಯದ ಐವತ್ತೈದು ನಿಮಿಷ

ರಾಕ್ ಸಂಗೀತವೆಂದೊಡನೆ ಕಿವಿಗಡಚಿಕ್ಕುವ ಕೋಲಾಹಲವನ್ನೇ ಕಲ್ಪಿಸಿಕೊಂಡು, ವೀಣೆಯ ಗಮಕಕ್ಕೋ ಸಾರಂಗಿಯ ಮೀಂಡಿಗೋ ಮೀಸಲಾಗಿರಬೇಕಾದ ಶ್ರವಣಸೂಕ್ಷ್ಮತೆಯನ್ನು ಅಂತಹ ಗದ್ದಲದ ಮೇಲೆ ವ್ಯಯಮಾಡುವುದು ವ್ಯರ್ಥವೆಂದು ಬಗೆಯುವ ಸಹೃದಯರು ನಮ್ಮಲ್ಲಿ ಇಂದಿಗೂ ಕಡಮೆಯಿಲ್ಲ. ಅವರೊಡನೆ ವಾದಕ್ಕಿಳಿಯುವ ಹಂಬಲ ನನಗಿಲ್ಲ. ಆದರೆ ಡೈರ್ ಸ್ಟ್ರೇಟ್ಸ್ ಎಂಬ ಬ್ರಿಟಿಷ್ ವೃಂದವು 1985ರ ಮೇ ತಿಂಗಳಿನಲ್ಲಿ ಹೊರತಂದ ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಮ್ಮಿನ ಕಡೆಯ ಹಾಡನ್ನು, ಒಂದು ಅಂಶವೂ ಲೋಪವಾಗದ ಪ್ರತಿಯಲ್ಲಿ, ಇರುಳು ಬೀದಿಯ ಸದ್ದಡಗಿದ ಮೇಲೆ, ಒಳ್ಳೆಯ ಹೆಡ್‌ಫೋನು ತೊಟ್ಟು ಕೇಳಿದವರಾರೂ ರಾಕ್ ಸಂಗೀತಕ್ಕೆ ಮೌನದ ಪರಿಚಯವಿಲ್ಲವೆಂದು ಹೇಳಲಾರರೆಂಬುದು ನನ್ನ ದೃಢವಾದ ನಂಬಿಕೆ. ದೂರದಲ್ಲೆಲ್ಲೋ ಗುಡುಗು ಉರುಳುತ್ತದೆ. ಅದರ ಅಡಿಯಿಂದ ಕೀಲಿಮಣೆ ವಾದ್ಯದ ಮಂದ್ರಸ್ವರವೊಂದು ಮಂಜಿನಂತೆ ಹಬ್ಬುತ್ತದೆ. ಆಮೇಲೆ, ಮೀಟಿದ ಸದ್ದೇ ಕೇಳದ ಹಾಗೆ, ಶೂನ್ಯದಿಂದ ಊದಿಕೊಂಡು ಬರುವ ಗಿಟಾರಿನ ಸ್ವರ. ವೃಂದದ ಗಾಯಕ ಮತ್ತು ಗಿಟಾರುವಾದಕ ಮಾರ್ಕ್ ನಾಫ್ಲರ್ ಹಾಡುವುದಕ್ಕೆ ತೊಡಗುವುದು ಇಷ್ಟೆಲ್ಲ ಆದ ಮೇಲೆಯೇ, ಅದೂ ಹಾಡುವುದಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಕುಳಿತವನಿಗೆ ಮಾತ್ರ ಕೇಳಿಸುವಂತೆ ಪಿಸುನುಡಿಯುವ ಧಾಟಿಯಲ್ಲಿ. 1982ರ ಫಾಕ್‌ಲ್ಯಾಂಡ್ ಯುದ್ಧದ ನೆನಪಿನಲ್ಲಿ ಹುಟ್ಟಿದ, ರಣರಂಗದಲ್ಲಿ ಸಾಯುತ್ತಿರುವ ಯೋಧನೊಬ್ಬನ ಮಾತಾದ ಈ ಹಾಡಿಗೆ ಅದಕ್ಕಿಂತ ಗಟ್ಟಿಯಾದ ಕಂಠ ಒಗ್ಗುತ್ತಲೂ ಇರಲಿಲ್ಲ.

ಈಚೆಗೆ ಲಾಸ್‌ಲೆಸ್, ಎಂದರೆ ಮೂಲದ ಏನೊಂದೂ ಕಳೆಯದ್ದು, ಎಂಬ ಮಾತು ಸಂಗೀತಪ್ರಿಯರ ಸಣ್ಣ ಕೂಟವನ್ನು ದಾಟಿ ಮೊಬೈಲ್ ಕಂಪನಿಗಳ ಜಾಹೀರಾತಿಗೂ ಇಳಿದಿದೆ. 2021ರಲ್ಲಿ ಆಪಲ್ ಮ್ಯೂಸಿಕ್ ಸಂಸ್ಥೆ ಹೆಚ್ಚಿನ ಶುಲ್ಕವನ್ನು ಕೇಳದೆಯೇ ತನ್ನ ಭಂಡಾರವನ್ನು ಈ ರೂಪದಲ್ಲಿ ಕೊಡಲಾರಂಭಿಸಿದ ತರುವಾಯ ಇದು ಶ್ರೀಮಂತರ ಖಯಾಲಿಯಾಗಿ ಉಳಿಯಲಿಲ್ಲ. ಹೊಸ ವಸ್ತುವಿನೊಡನೆ ಹೊಸ ಮೂಢನಂಬಿಕೆಗಳೂ ಬರುವುದು ಲೋಕರೂಢಿಯಾದ್ದರಿಂದ, ಬಿಟ್ಟುಗಳ ಸಂಖ್ಯೆ ಏರಿದಂತೆಲ್ಲ ಸಂಗೀತದ ಸುಖವೂ ಏರುವುದೆಂದು ನಂಬಿದವರು ಹುಟ್ಟಿಕೊಂಡಿದ್ದಾರೆ. ಅಂತಹವರಿಗೂ, ಇದೆಲ್ಲ ಬರಿಯ ಭ್ರಾಂತಿಯೆಂದು ತಳ್ಳಿಹಾಕುವವರಿಗೂ ಏಕಕಾಲದಲ್ಲಿ ಉತ್ತರ ಹೇಳಬಲ್ಲ ಆಲ್ಬಮ್ ಒಂದಿದ್ದರೆ ಅದು ಇದೇ. ಏಕೆಂದರೆ ಇದು ಹುಟ್ಟಿದ್ದೇ ಅಂಕಿಗಳ ರೂಪದಲ್ಲಿ.

ಅದು ಹುಟ್ಟಿದ ಎಡೆಯ ವಿಷಯವನ್ನು ಎರಡು ಮಾತಿನಲ್ಲಾದರೂ ಹೇಳದೆ ಮುಂದೆ ಹೋಗಲಾರೆ. ಬೀಟಲ್ಸ್ ವೃಂದದ ಧ್ವನಿಮುದ್ರಣಗಳನ್ನು ನಿರ್ಮಿಸಿ ಪ್ರಖ್ಯಾತರಾದ ಜಾರ್ಜ್ ಮಾರ್ಟಿನ್ ಅವರು, ನಗರದ ಗಜಿಬಿಜಿಯಿಂದ ಕಲಾವಿದರನ್ನು ಬಿಡಿಸಿ ತರಬೇಕೆಂಬ ಉದ್ದೇಶದಿಂದ, ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್ ಎಂಬ ಪುಟ್ಟ ದ್ವೀಪದಲ್ಲಿ 1979ರಲ್ಲಿ ಏರ್ ಸ್ಟುಡಿಯೋವನ್ನು ತೆರೆದಿದ್ದರು. 1984ರ ನವೆಂಬರಿನಿಂದ ಮುಂದಿನ ಫೆಬ್ರವರಿಯವರೆಗೆ ಈ ಆಲ್ಬಮ್ಮಿನ ಕೆಲಸ ನಡೆಯಿತು; ಶೇಷಕಾರ್ಯ ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ ಮುಗಿಯಿತು. ಅದಾಗಿ ಐದು ವರ್ಷ ತುಂಬುವ ಮೊದಲೇ, 1989ರ ಸೆಪ್ಟೆಂಬರಿನಲ್ಲಿ, ಹ್ಯೂಗೋ ಚಂಡಮಾರುತ ದ್ವೀಪವನ್ನು ಧ್ವಂಸಮಾಡಿತು. 1995ರಲ್ಲಿ ಎಚ್ಚೆತ್ತ ಸೂಫ್ರಿಯೇರ್ ಜ್ವಾಲಾಮುಖಿ ರಾಜಧಾನಿ ಪ್ಲಿಮತ್ ಪಟ್ಟಣವನ್ನೇ ಬೂದಿಯಲ್ಲಿ ಹುಗಿದುಬಿಟ್ಟಿತು. ಸ್ಟುಡಿಯೋ ಇಂದು ಪಾಳುಕಟ್ಟಡ. ಆ ಕೋಣೆಯಲ್ಲಿ ಆಗ ಮಿಡಿದ ಗಾಳಿ ಮಾತ್ರ ಅಂಕಿಗಳಾಗಿ ಉಳಿದಿದೆ.

ಆ ಕಾಲದ ರಾಕ್ ಆಲ್ಬಮ್ಮುಗಳೆಲ್ಲ ಬಹುಮಟ್ಟಿಗೆ ಕಾಂತೀಯ ಟೇಪಿನ ಮೇಲೆ, ನಾದದ ಏರಿಳಿತವನ್ನು ಹಾಗೆಯೇ ಅನುಕರಿಸುವ ವಿಧಾನದಲ್ಲಿ ಮುದ್ರಿತವಾಗುತ್ತಿದ್ದುವು. ನಾಫ್ಲರ್ ಮತ್ತು ಅವರ ಸಹನಿರ್ಮಾಪಕ ನೀಲ್ ಡಾರ್ಫ್ಸ್‌ಮನ್ ಅವರಾದರೋ, ಆಗತಾನೆ ಬಳಕೆಗೆ ಬಂದಿದ್ದ ಸೋನಿ ಕಂಪನಿಯ 24 ಪಥಗಳ ಡಿಜಿಟಲ್ ಯಂತ್ರವನ್ನು ಆರಿಸಿಕೊಂಡರು. ನಾದವನ್ನು ಸೆಕೆಂಡಿಗೆ ನಲವತ್ತು ಸಾವಿರಕ್ಕೂ ಮಿಕ್ಕ ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್ಟಿನ ಒಂದು ಸಂಖ್ಯೆಯಾಗಿ ಬರೆದಿಡುವುದು ಆ ಯಂತ್ರದ ಕ್ರಮ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಜೊತೆಗೂಡಿ ರೂಪಿಸಿ 1982ರಲ್ಲಿ ಮಾರುಕಟ್ಟೆಗೆ ತಂದಿದ್ದ ಕಾಂಪ್ಯಾಕ್ಟ್ ಡಿಸ್ಕಿನ ಕ್ರಮವೂ ಅದೇ: ಸೆಕೆಂಡಿಗೆ 44,100 ಅಳತೆ, ಅಳತೆಗೆ 16 ಬಿಟ್, ಎಡಬಲಗಳೆರಡು ವಾಹಿನಿ, ಎಲ್ಲವನ್ನೂ ಗುಣಿಸಿದರೆ ಸೆಕೆಂಡಿಗೆ ಹದಿನಾಲ್ಕು ಲಕ್ಷ ಬಿಟ್ಟಿಗಿಂತ ಸ್ವಲ್ಪ ಹೆಚ್ಚು. ಸೆಕೆಂಡಿಗೆ 44,100 ಅಳತೆಯೆಂದರೆ 22 ಸಾವಿರ ಹರ್ಟ್ಸಿನವರೆಗಿನ ಕಂಪನವೆಲ್ಲ ಸೆರೆಯಾದಂತೆ. ಎಳೆಯರ ಕಿವಿಯೂ 20 ಸಾವಿರದಿಂದಾಚೆ ಕೇಳದು, ನಡುವಯಸ್ಸು ದಾಟಿದವರ ಕಿವಿಯ ಮಾತಂತೂ ಬೇಡವೇ ಬೇಡ. ತಟ್ಟೆಯ ಅಳವಿಗೂ ಮೂಲಮುದ್ರಣದ ಅಳವಿಗೂ ಇಷ್ಟು ಹತ್ತಿರದ ಹೊಂದಾಣಿಕೆ ಅಂದಿನ ಬೇರೆ ಜನಪ್ರಿಯ ಆಲ್ಬಮ್ಮುಗಳಲ್ಲಿ ಅಪರೂಪ. ಸಿ.ಡಿ. ರೂಪದಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾದ ಮೊಟ್ಟಮೊದಲ ಆಲ್ಬಮ್ ಇದಾದುದು ಆಕಸ್ಮಿಕವಲ್ಲ, ಹೊಸ ಸಿ.ಡಿ. ಪ್ಲೇಯರನ್ನು ಕೊಂಡವನು ನೆರೆಹೊರೆಯವರಿಗೆ ಅದರ ಮಹಿಮೆಯನ್ನು ತೋರಿಸಲು ಮೊದಲು ಹಾಕುತ್ತಿದ್ದುದೇ ಇದನ್ನು.

ಯಂತ್ರ ಎಷ್ಟೇ ಕರಾರುವಾಕ್ಕಾದರೂ ಅದರ ಮುಂದೆ ನಡೆದದ್ದೆಲ್ಲ ಕರಾರುವಾಕ್ಕಾಗಿರಲಿಲ್ಲವೆಂಬುದೇ ಈ ಆಲ್ಬಮ್ಮಿನ ಸ್ವಾರಸ್ಯ. ‘ಮನಿ ಫಾರ್ ನಥಿಂಗ್’ ಹಾಡಿನಲ್ಲಿ ಕೇಳಿಬರುವ, ಗಂಟಲು ಕಟ್ಟಿದಂತೆ ಗೊರಗುಟ್ಟುವ ಗಿಟಾರಿನ ನಾದ ಇಂದಿಗೂ ಗಿಟಾರುವಾದಕರ ತಲೆ ತಿನ್ನುತ್ತಿರುವಂಥದು. ಝೀಝೀ ಟಾಪ್ ವೃಂದದ ಬಿಲ್ಲಿ ಗಿಬನ್ಸ್ ಅವರ ವಾದನದ ಛಾಯೆ ತಮ್ಮ ಗಿಟಾರಿಗೂ ಬರಬೇಕೆಂದು ನಾಫ್ಲರ್ ಬಯಸಿದ್ದರು. ಧ್ವನಿವರ್ಧಕದ ಮುಂದೆ ನಿಲ್ಲಿಸಿದ್ದ ಮೈಕುಗಳಲ್ಲಿ ಒಂದು ಅದೇಕೋ ನೆಲದತ್ತ ಬಾಗಿತ್ತು, ಇನ್ನೊಂದೂ ಇರಬೇಕಾದ ಜಾಗದಲ್ಲಿರಲಿಲ್ಲ. ಅವನ್ನು ಸರಿಪಡಿಸಲು ಹೊರಡುವಷ್ಟರಲ್ಲಿ ನಿಯಂತ್ರಣದ ಕೋಣೆಯಲ್ಲಿ ಕೇಳಿಬಂದ ನಾದವೇ ಅದ್ಭುತವಾಗಿತ್ತೆಂದು ಅರಿವಾಗಿ, ಎಲ್ಲವನ್ನೂ ಇದ್ದಂತೆಯೇ ಬಿಟ್ಟರು. ನ್ಯೂಯಾರ್ಕಿನಲ್ಲಿ ಮತ್ತೆ ಅದನ್ನೇ ಹೊರಡಿಸಲು ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಮದ್ದಲೆಯ ಸಂಗತಿಯೂ ಹೀಗೆಯೇ. ವೃಂದದ ಡ್ರಮ್ಮರ್ ಟೆರಿ ವಿಲಿಯಮ್ಸ್ ಅವರ ವಾದನ ಹಾಡುಗಳಿಗೆ ಹೊಂದಲಿಲ್ಲವೆಂದು ಜಾಝ್ ಹಿನ್ನೆಲೆಯ ಓಮರ್ ಹಕೀಮ್ ಅವರನ್ನು ಕರೆಸಿದರು. ಅವರು ಎರಡು ಮೂರು ದಿನಗಳಲ್ಲಿಯೇ ಬಹುಪಾಲು ಭಾಗವನ್ನು ನುಡಿಸಿ ಮುಗಿಸಿ ಹೊರಟುಹೋದರು. ಆದರೆ ‘ಮನಿ ಫಾರ್ ನಥಿಂಗ್’ ಹಾಡಿನ ಆರಂಭದಲ್ಲಿ, ಆ ದ್ವೀಪಕ್ಕೆ ವಿಹಾರಾರ್ಥವಾಗಿ ಬಂದಿದ್ದ ಗಾಯಕ ಸ್ಟಿಂಗ್ ಅವರ ಕೀಚುಕಂಠದ ಹಿಂದೆ, ಅಲೆಯಲೆಯಾಗಿ ಏರಿ ಬಂದು ಗಿಟಾರಿಗೆ ಬಾಗಿಲು ತೆರೆದುಕೊಡುವ ಡ್ರಮ್ಮಿನ ಆ ಭೋರ್ಗರೆತ ವಿಲಿಯಮ್ಸ್ ಅವರದೇ. ನನ್ನನ್ನು ಕೇಳಿದರೆ, ಇಡೀ ಆಲ್ಬಮ್ಮಿನಲ್ಲಿ ಅದಕ್ಕಿಂತ ರೋಮಾಂಚಕಾರಿಯಾದ ಅರ್ಧ ನಿಮಿಷ ಬೇರೊಂದಿಲ್ಲ.

ಆಲ್ಬಮ್ಮಿನ ಮೊದಲ ನಷ್ಟ ಬಿಟ್ಟುಗಳದಲ್ಲ, ನಿಮಿಷಗಳದು. ಕರಿಯ ಗ್ರಾಮಾಫೋನ್ ತಟ್ಟೆಯ ಒಂದು ಪಕ್ಕದಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಮೀರಿ ತುಂಬಹೊರಟರೆ ಗೆರೆಗಳು ಒತ್ತೊತ್ತಾಗಬೇಕು. ಗೆರೆಗಳು ಒತ್ತಾದರೆ ಮಂದ್ರದ ಬಲವೂ ಒಟ್ಟು ಸದ್ದಿನ ಮಟ್ಟವೂ ಇಳಿಯಬೇಕು. ಆದಕಾರಣ ಐವತ್ತೈದು ನಿಮಿಷದ ಆಲ್ಬಮ್ಮನ್ನು ಎಲ್.ಪಿ.ಗಾಗಿ ಸುಮಾರು ನಲವತ್ತೆಂಟು ನಿಮಿಷಕ್ಕೆ ಇಳಿಸಿದರು. ಕತ್ತರಿ ಬಿದ್ದದ್ದು ಮೊದಲ ಪಕ್ಕದ ಹಾಡುಗಳ ಮೇಲೆ. ‘ಸೋ ಫಾರ್ ಅವೇ’ ಒಂದು ನಿಮಿಷಕ್ಕೂ ಹೆಚ್ಚು ಕಳೆದುಕೊಂಡಿತು, ‘ಮನಿ ಫಾರ್ ನಥಿಂಗ್’ ಕೂಡ ಹಾಗೆಯೇ. ‘ಯುವರ್ ಲೇಟೆಸ್ಟ್ ಟ್ರಿಕ್’ ಸುಮಾರು ಎರಡು ನಿಮಿಷವನ್ನು ತೆತ್ತಿತು. ಎಂಟೂವರೆ ನಿಮಿಷದ ‘ವೈ ವರಿ’ ಐದು ಚಿಲ್ಲರೆಗೆ ಮುಗಿದುಹೋಯಿತು. ಸಿ.ಡಿ.ಯಲ್ಲಿಯೂ ಕ್ಯಾಸೆಟ್ಟಿನಲ್ಲಿಯೂ ಹಾಡುಗಳು ಪೂರ್ತಿಯಾಗಿದ್ದುವು. ವಿನೈಲ್ ತಟ್ಟೆಯ ಬೆಚ್ಚನೆಯ ನಾದವನ್ನು ಹಾಡಿಹೊಗಳುವ ರಸಿಕರು ಕ್ಯಾಸೆಟ್ಟನ್ನು ಎಷ್ಟೇ ತಾತ್ಸಾರಮಾಡಲಿ, ಈ ಒಂದು ಆಲ್ಬಮ್ಮಿನ ಮಟ್ಟಿಗೆ, ಬುಸುಗುಟ್ಟುವ ಬಡ ಕ್ಯಾಸೆಟ್ಟನ್ನು ಪೆನ್ಸಿಲಿನಿಂದ ಸುತ್ತಿ ಸುತ್ತಿ ಕೇಳುತ್ತಿದ್ದವನೇ ಕೃತಿಯನ್ನು ಇಡಿಯಾಗಿ ಕೇಳಿದವನು. ಬಹುಕಾಲದ ಮೇಲೆ ಎರಡು ತಟ್ಟೆಗಳ ಮರುಮುದ್ರಣ ಬಂದು ಎಲ್.ಪಿ.ಪ್ರಿಯರ ಕೊರತೆಯನ್ನು ತುಂಬಿತೆನ್ನಿ.

ಎರಡನೆಯ ನಷ್ಟ ಹತ್ತು ವರ್ಷಗಳ ತರುವಾಯ ಬಂದದ್ದು, ಹೆಚ್ಚು ಗಹನವಾದದ್ದು. ಸಿ.ಡಿ.ಯಲ್ಲಿರುವಂತೆಯೇ ತೆಗೆದಿಟ್ಟರೆ ಈ ಆಲ್ಬಮ್ ಸುಮಾರು 580 ಮೆಗಾಬೈಟ್ ಜಾಗವನ್ನು ಹಿಡಿಯುತ್ತದೆ. ತೊಂಬತ್ತರ ದಶಕದ ಟೆಲಿಫೋನ್ ತಂತಿಗೆ ಅದು ಹೊರಲಾರದ ಹೊರೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಮೊದಲಾದವರು ಬೆಳೆಸಿದ ಎಂಪಿ3 ತಂತ್ರ ಮನುಷ್ಯನ ಶ್ರವಣೇಂದ್ರಿಯದ ದೌರ್ಬಲ್ಯವನ್ನೇ ಬಂಡವಾಳವಾಗಿಸಿಕೊಂಡಿತು. ಗಟ್ಟಿಯಾದ ಸ್ವರದ ಬಳಿಯಲ್ಲೇ ಕ್ಷೀಣವಾದ ಇನ್ನೊಂದು ಸ್ವರವಿದ್ದರೆ ಕಿವಿ ಅದನ್ನು ಗಮನಿಸದು. ಗಮನಿಸದ್ದನ್ನು ಪೂರ್ಣವಾಗಿ ಬರೆದಿಡುವ ಪ್ರಯಾಸವೇಕೆ ಎಂಬುದು ಅದರ ತರ್ಕ. ಹೆಣ್ಣುಮಗಳೊಬ್ಬಳು ಉಟ್ಟ ಸೀರೆಯಲ್ಲಿ ನೆರಿಗೆಯೊಳಗೆ ಅಡಗಿ ಹೊರಗೆ ಕಾಣದಿರುವ ಬಟ್ಟೆಯನ್ನೆಲ್ಲ ಕತ್ತರಿಸಿ ತೆಗೆದು, ನೋಡುವವರಿಗೆ ವ್ಯತ್ಯಾಸ ತಿಳಿಯಿತೇ ಎಂದು ಕೇಳುವ ದರ್ಜಿಯ ಜಾಣತನ ಇದು. ಒಪ್ಪಬೇಕಾದ ಜಾಣತನವೇ, ಆದರೆ ಆ ಸೀರೆಯನ್ನು ಬೇರೆ ರೀತಿಯಲ್ಲಿ ಉಡಲು ಹೋದಾಗ, ಎಂದರೆ ಆ ಕಡತವನ್ನು ಇನ್ನೊಂದು ಸಂಕುಚಿತ ರೂಪಕ್ಕೆ ತಿರುಗಿಸಹೊರಟಾಗ, ಹರಕು ಬಯಲಾಗುತ್ತದೆ.

ಈ ಶತಮಾನದ ಮೊದಲ ವರ್ಷಗಳಲ್ಲಿ ಎಲ್ಲೆಲ್ಲೂ ಹರಿದಾಡುತ್ತಿದ್ದ 128 ಕಿಲೋಬಿಟ್ಟಿನ ಎಂಪಿ3 ಕಡತಗಳಲ್ಲಿ ಈ ಆಲ್ಬಮ್ಮನ್ನು ಕೇಳಿದವರಿಗೆ ಹರಕು ಕಾಣಲು ಅಷ್ಟು ದೂರ ಹೋಗಬೇಕಾಗಿಯೂ ಇರಲಿಲ್ಲ. ಕಂಚಿನ ತಾಳದ ಮೇಲೆ ಕೋಲು ಬಿದ್ದಾಗ ಮೊದಲು ಒಂದು ಖಚಿತವಾದ ತಾಡನ, ಆಮೇಲೆ ಮಿನುಗುತ್ತ ಮಿನುಗುತ್ತ ಆರುವ ಝೇಂಕಾರ, ಹೀಗೆ ಕೇಳಬೇಕಾದದ್ದು. ಆ ಕಡತಗಳಲ್ಲಿ ಕೇಳುತ್ತಿದ್ದುದು ನೀರಿನಡಿಯಲ್ಲಿ ಯಾರೋ ಮರಳು ಕಲಸಿದಂತಹ ಜೊರಜೊರ ಸದ್ದು. ಸುಮಾರು 16 ಸಾವಿರ ಹರ್ಟ್ಸಿನಿಂದ ಮೇಲಿನದನ್ನು ಸಾಮಾನ್ಯವಾಗಿ ಪೂರಾ ಕೈಬಿಡುತ್ತಿದ್ದರು. ಅದಕ್ಕಿಂತ ವಿಚಿತ್ರವಾದದ್ದು, ಡ್ರಮ್ಮಿನ ಪೆಟ್ಟು ಬೀಳುವುದಕ್ಕೆ ಕ್ಷಣಾಂಶ ಮೊದಲೇ ಅದರ ಪ್ರೇತವೊಂದು ಸುಳಿದುಹೋಗುತ್ತಿದ್ದುದು: ಈ ತಂತ್ರ ನಾದವನ್ನು ಸಣ್ಣ ಸಣ್ಣ ತುಂಡುಗಳಾಗಿ ಸಂಸ್ಕರಿಸುವುದರಿಂದ, ತುಂಡಿನ ನಡುವೆ ಬಿದ್ದ ಪೆಟ್ಟಿನ ದೋಷ ತುಂಡಿನ ಆದಿಯವರೆಗೂ ಹರಡುತ್ತದೆ. ಕಾರಣಕ್ಕಿಂತ ಮೊದಲೇ ಕಾರ್ಯ ಹುಟ್ಟುವ ಈ ಪವಾಡವನ್ನು ನಮ್ಮ ತಾರ್ಕಿಕರು ಕೇಳಿದ್ದರೆ ಏನೆನ್ನುತ್ತಿದ್ದರೋ!

ಲಾಸ್‌ಲೆಸ್ ಕ್ರಮದಲ್ಲಿಯೂ ಸಂಕೋಚನವಿದೆ, ಛೇದನವಿಲ್ಲ. ಜಾಶ್ ಕೋಲ್ಸನ್ ಎಂಬ ತಂತ್ರಜ್ಞರು ರೂಪಿಸಿ 2001ರಲ್ಲಿ ಲೋಕಕ್ಕೆ ಉಚಿತವಾಗಿ ಕೊಟ್ಟ ಫ್ಲ್ಯಾಕ್ ವಿಧಾನದ ಒಳಗುಟ್ಟು ಬಹಳ ಸೊಗಸಾದದ್ದು. ಸಂಗೀತದ ಅಲೆ ಕುರುಡಾಗಿ ನೆಗೆಯುವುದಿಲ್ಲ. ಹಿಂದಿನ ಕೆಲವು ಅಳತೆಗಳನ್ನು ನೋಡಿದರೆ ಮುಂದಿನದು ಎಲ್ಲಿ ಬೀಳಬಹುದೆಂದು ಲೆಕ್ಕಹಾಕಿ ಊಹಿಸಲು ಬರುತ್ತದೆ. ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸ ಸಣ್ಣದು. ಸಣ್ಣ ಸಂಖ್ಯೆಯನ್ನು ಬರೆಯಲು ಸಣ್ಣ ಜಾಗ ಸಾಕು. ಕೇಳುವಾಗ ಯಂತ್ರ ಅದೇ ಊಹೆಯನ್ನು ಮತ್ತೆ ಮಾಡಿ, ಬರೆದಿಟ್ಟ ವ್ಯತ್ಯಾಸವನ್ನು ಕೂಡಿಸಿದರೆ, ಮೂಲದ ಅಂಕಿ ಕೂದಲೆಳೆಯಷ್ಟೂ ಬದಲಾಗದೆ ಮರಳುತ್ತದೆ. ಮರಳಿದ್ದು ಮೂಲವೇ ಹೌದೆಂದು ಪರೀಕ್ಷಿಸುವುದಕ್ಕಾಗಿ ಮೂಲನಾದದ ಅಂಕಿಗಳಿಂದ ಕಟ್ಟಿದ ಮುದ್ರೆಯೊಂದನ್ನು ಕಡತದ ತಲೆಯಲ್ಲಿಯೇ ಒತ್ತಿಟ್ಟಿರುತ್ತಾರೆ. ಹೀಗೆ 580 ಮೆಗಾಬೈಟಿನ ಹೊರೆ ಅದರ ಅರ್ಧಕ್ಕೋ ಅರ್ಧಕ್ಕಿಂತ ತುಸು ಹೆಚ್ಚಿಗೋ ಇಳಿಯುತ್ತದೆ. ಆಪಲ್ ಕಂಪನಿ 2004ರಲ್ಲಿ ತಂದ ಆಲ್ಯಾಕ್ ಎಂಬ ಕ್ರಮವೂ ಇದೇ ಜಾತಿಯದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸತ್ಯವನ್ನು ಮುಚ್ಚಿಡುವುದು ಸಲ್ಲ. ಒಳ್ಳೆಯ ತಂತ್ರಾಂಶದಿಂದ 256 ಅಥವಾ 320 ಕಿಲೋಬಿಟ್ಟಿಗೆ ಇಳಿಸಿದ ಪ್ರತಿಯನ್ನೂ ಲಾಸ್‌ಲೆಸ್ ಪ್ರತಿಯನ್ನೂ, ಯಾವುದು ಯಾವುದೆಂದು ಹೇಳದೆ ಒಂದಾದ ಮೇಲೊಂದು ಕೇಳಿಸಿದರೆ, ಬಹುಪಾಲು ಶ್ರೋತೃಗಳು ಬಹುಪಾಲು ಹಾಡುಗಳಲ್ಲಿ ಭೇದವನ್ನು ಗುರುತಿಸಲಾರರು. ಹಾಗಾದರೆ ಲಾಸ್‌ಲೆಸ್ ಪ್ರತಿಯ ಸುಖವೇನು? ಕೇಳುವಾಗ ಸಂಶಯವಿಲ್ಲದಿರುವುದೇ ಒಂದು ಸುಖ. ‘ವೈ ವರಿ’ ಹಾಡಿನಲ್ಲಿ ಮಾತು ಮುಗಿದ ಮೇಲೆ ಬರುವ ಆ ದೀರ್ಘವಾದ ವಾದ್ಯಭಾಗವನ್ನು ಗಮನಿಸಿ. ನಾಫ್ಲರ್ ಹುಟ್ಟಿನಿಂದ ಎಡಗೈಯವರು, ಆದರೆ ಗಿಟಾರನ್ನು ಬಲಗೈಯವರಂತೆ ಹಿಡಿಯುತ್ತಾರೆ. ಮೀಟುವ ಬಿಲ್ಲೆಯನ್ನು ಸಾಮಾನ್ಯವಾಗಿ ಬಳಸದೆ ಹೆಬ್ಬೆರಳು ಮತ್ತು ಮುಂದಿನ ಎರಡು ಬೆರಳುಗಳಿಂದಲೇ ನುಡಿಸುತ್ತಾರೆ. ಬೆರಳಿನ ಮಾಂಸ ತಂತಿಯನ್ನು ತಗಲುವ ಮೃದುವಾದ ‘ತಪ್’ ಸದ್ದು, ಸ್ವರ ಹುಟ್ಟುವುದಕ್ಕೆ ಮುಂಚಿನ ಆ ಒತ್ತು, ಹುಟ್ಟಿದ ಸ್ವರ ತಣಿದು ಕೀಲಿಮಣೆಯ ಸ್ವರಗಳೊಳಗೆ ಕರಗುವ ಬಗೆ, ಇವು ಮೂರೂ ಅಲ್ಲಿ ಬೇರೆ ಬೇರೆಯಾಗಿ ಕೇಳುತ್ತವೆ. ಇವುಗಳಲ್ಲಿ ಯಾವುದಾದರೂ ಮಸುಕಾಗಿ ಕೇಳಿದರೆ, ಲಾಸ್‌ಲೆಸ್ ಪ್ರತಿಯೆದುರು ಕುಳಿತವನು ಕಡತವನ್ನು ಶಂಕಿಸುವಂತಿಲ್ಲ. ನುಡಿಸಿದವನು ಹಾಗೆ ನುಡಿಸಿದ್ದಾನೆ, ಮುದ್ರಿಸಿದವನು ಹಾಗೆ ಮುದ್ರಿಸಿದ್ದಾನೆ, ಇಲ್ಲವೇ ತನ್ನ ಕಿವಿ ಹಾಗಿದೆ. ಗಾಯಕರಾದ ಎವರ್ಲಿ ಸೋದರರು ಇದೇ ಹಾಡನ್ನು ಅದೇ ವರ್ಷ ತಮ್ಮ ಆಲ್ಬಮ್ಮಿಗಾಗಿ ಹಾಡಿದ್ದಾರೆ. ಚೆಲುವಾಗಿದೆ, ಆದರೂ ನನಗೆ ನಾಫ್ಲರ್ ಅವರ ಬೆರಳೇ ಬೇಕು. ‘ಯುವರ್ ಲೇಟೆಸ್ಟ್ ಟ್ರಿಕ್’ ಹಾಡಿನಲ್ಲಿ ರ‍್ಯಾಂಡಿ ಬ್ರೆಕರ್ ಅವರ ತುತ್ತೂರಿಯನ್ನೂ ಅವರ ತಮ್ಮ ಮೈಕೆಲ್ ಅವರ ಸ್ಯಾಕ್ಸೋಫೋನನ್ನೂ ಹೀಗೆ ಬಿಡಿಸಿ ಕೇಳಬಹುದು. ಮೈಕೆಲ್ ಅವರ ಉಸಿರು ಕೊಳವೆಯೊಳಗೆ ಹೊಕ್ಕು ಸ್ವರವಾಗಿ ಮಾರ್ಪಡುವ ಗಡಿಯೇ ಅಲ್ಲಿ ಕೇಳಿಸುತ್ತದೆ.

ಇನ್ನು ಸಂಖ್ಯಾಮೋಹದ ಮಾತು. 24 ಬಿಟ್, ಸೆಕೆಂಡಿಗೆ 96 ಸಾವಿರ ಅಥವಾ 192 ಸಾವಿರ ಅಳತೆ ಎಂಬ ದೊಡ್ಡ ಅಂಕಿಗಳನ್ನು ತೋರಿಸಿ ದುಬಾರಿ ಬೆಲೆ ಕೇಳುವವರಿದ್ದಾರೆ. ಟೇಪಿನ ಮೇಲೆ ಮುದ್ರಿತವಾದ ಹಳೆಯ ಆಲ್ಬಮ್ಮನ್ನು ಈಗ ಹೊಸದಾಗಿ ಅಳೆಯುವಾಗ ಅಂತಹ ಅಂಕಿಗೆ ಏನಾದರೂ ಸಮರ್ಥನೆಯಿದ್ದೀತು. ಹುಟ್ಟುವಾಗಲೇ 16 ಬಿಟ್ಟಿನದಾಗಿದ್ದ ಮುದ್ರಣವನ್ನು 24 ಬಿಟ್ಟಿನ ಪಾತ್ರೆಗೆ ಸುರಿದರೆ ಪಾತ್ರೆ ದೊಡ್ಡದಾಯಿತೇ ಹೊರತು ಒಳಗಿನದು ಹೆಚ್ಚಲಿಲ್ಲ. 2005ರಲ್ಲಿ, ಆಲ್ಬಮ್ಮಿಗೆ ಇಪ್ಪತ್ತು ತುಂಬಿದ ಸಂದರ್ಭದಲ್ಲಿ, ಧ್ವನಿತಂತ್ರಜ್ಞ ಚಕ್ ಐನ್ಲೆ ಅವರು ಬಹುವಾಹಿನಿಯ ಹೊಸ ಮಿಶ್ರಣವನ್ನು ಸಿದ್ಧಮಾಡಿದರು. ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು. ಅದು ಕೇಳತಕ್ಕದ್ದೇ. ಆದರೆ ಅದರ ಸೊಬಗು ವಾದ್ಯಗಳನ್ನು ಕೋಣೆಯ ಸುತ್ತ ಹೊಸದಾಗಿ ಕೂರಿಸಿದ ಕೌಶಲದ್ದು, ಬಿಟ್ಟುಗಳದ್ದಲ್ಲ.

ಬಿಟ್ಟುಗಳಿಗಿಂತ ನೂರು ಪಾಲು ಮುಖ್ಯವಾದದ್ದು ಮಾಸ್ಟರಿಂಗ್, ಎಂದರೆ ಮಿಶ್ರಣವನ್ನು ಮಾರಾಟದ ಪ್ರತಿಗೆ ಅಣಿಗೊಳಿಸುವ ಕಡೆಯ ಸಂಸ್ಕಾರ. 1985ರಲ್ಲಿ ಆ ಕೆಲಸವನ್ನು ಮಾಡಿದ ಬಾಬ್ ಲಡ್ವಿಗ್ ಅವರು ಮೆಲುದನಿಯನ್ನು ಮೆಲುದನಿಯಾಗಿಯೂ ಅಬ್ಬರವನ್ನು ಅಬ್ಬರವಾಗಿಯೂ ಬಿಟ್ಟಿದ್ದರು. ತೊಂಬತ್ತರ ದಶಕದಿಂದೀಚೆಗೆ ರೇಡಿಯೋದಲ್ಲಿ, ಕಾರಿನಲ್ಲಿ, ಅಂಗಡಿಯಲ್ಲಿ ತಮ್ಮ ಹಾಡೇ ಉಳಿದವಕ್ಕಿಂತ ಗಟ್ಟಿಯಾಗಿ ಕೇಳಬೇಕೆಂಬ ಪೈಪೋಟಿಗೆ ಬಿದ್ದು, ಮೆಲ್ಲನೆಯದನ್ನು ಎತ್ತಿ ಜೋರಿನದನ್ನು ತುಳಿದು ಎಲ್ಲವನ್ನೂ ಸಮತಟ್ಟು ಮಾಡುವ ಅನಿಷ್ಟ ಪದ್ಧತಿ ಬೆಳೆಯಿತು. ಈ ಆಲ್ಬಮ್ಮಿನ ತರುವಾಯದ ಮರುಮುದ್ರಣಗಳಲ್ಲಿಯೂ ಕೆಲವು ಮೊದಲಿನದಕ್ಕಿಂತ ಗಟ್ಟಿ. ತುಳಿದು ಚಪ್ಪಟೆಯಾದ ಪ್ರತಿಯನ್ನು ಲಾಸ್‌ಲೆಸ್ ಕ್ರಮದಲ್ಲಿ ಕೊಟ್ಟರೆ ಅದರ ಚಪ್ಪಟೆತನವೂ ಸ್ವಲ್ಪವೂ ಕಳೆಯದೆ ನಮಗೆ ತಲಪುತ್ತದೆ. ಆರಂಭದ ಗುಡುಗಿಗೂ ನಾಫ್ಲರ್ ಅವರ ಪಿಸುನುಡಿಗೂ ಅಂತರವೇ ಉಳಿಯದಿದ್ದರೆ ಫ್ಲ್ಯಾಕ್ ತಾನೇ ಏನು ಮಾಡೀತು?

ಬೆಂಗಳೂರಿನ ಅಭಿಮಾನಿಗಳಿಗೆ ನಾಫ್ಲರ್ ಅಪರಿಚಿತರಲ್ಲ. 2005ರ ಮಾರ್ಚ್ ತಿಂಗಳಲ್ಲಿ ಅವರು ಇಲ್ಲಿಗೇ ಬಂದು ನುಡಿಸಿಹೋದರು. ಆ ತಲೆಮಾರಿನವರು ಈಗ ನಡುವಯಸ್ಸು ಮುಟ್ಟಿ, ಕೈಯಲ್ಲಿ ಕಾಸಾಡುವಂತಾಗಿ, ಹಳೆಯ ಆಲ್ಬಮ್ಮನ್ನು ಹೊಸ ರೂಪದಲ್ಲಿ ಕೇಳಹೊರಟಿರುವುದನ್ನು ಕಾಣುತ್ತಿದ್ದೇನೆ. ಅವರಲ್ಲಿ ಹಲವರು ಲಾಸ್‌ಲೆಸ್ ಸೇವೆಗೆ ಚಂದಾ ತೆತ್ತು, ಕಡೆಗೆ ಕೇಳುವುದು ತಂತಿಯಿಲ್ಲದ ಬ್ಲೂಟೂತ್ ಇಯರ್‌ಫೋನಿನಲ್ಲಿ. ಬ್ಲೂಟೂತಿನ ಸಾಮಾನ್ಯ ಕ್ರಮಗಳೆಲ್ಲ ನಾದವನ್ನು ದಾರಿಯಲ್ಲಿ ಮತ್ತೆ ಕತ್ತರಿಸಿಯೇ ಕಳುಹಿಸತಕ್ಕವು. ಹೆಸರುವಾಸಿಯಾದ ಎಲ್‌ಡ್ಯಾಕ್ ಕೂಡ ಏರಿದರೆ ಸೆಕೆಂಡಿಗೆ 990 ಕಿಲೋಬಿಟ್ಟಿಗೆ ಏರುವುದು, ಸಿ.ಡಿ.ಯ 1,411ಕ್ಕೆ ಅದು ಸಾಲದು. ಬಸ್ಸಿನಲ್ಲಿ, ನಡಿಗೆಯಲ್ಲಿ ಅದರಿಂದ ಹಾನಿಯೇನಿಲ್ಲ. ಮನೆಯಲ್ಲಿ ಕುಳಿತು ಕೇಳುವಾಗಲಾದರೂ ತಂತಿಯ ಹೆಡ್‌ಫೋನು ಹಾಕಿ, ಫೋನಿಗೆ ಕಿಂಡಿಯಿಲ್ಲದಿದ್ದರೆ ಅಂಕಿಗಳನ್ನು ನಾದದ ಅಲೆಯಾಗಿ ಮಾರ್ಪಡಿಸುವ ಸಣ್ಣದೊಂದು ಡ್ಯಾಕ್ ಸಿಕ್ಕಿಸಿ, ಆ್ಯಪಿನಲ್ಲಿ ಸದ್ದನ್ನು ತಾನೇ ಏರಿಸಿ ಇಳಿಸಿ ಸರಿತೂಗಿಸುವ ಗುಂಡಿಯನ್ನು ಆಫ್ ಮಾಡಿಬಿಡಿ. ಪಂಖದ ಸದ್ದನ್ನೂ ತುಸು ಹೊತ್ತು ನಿಲ್ಲಿಸಿದರೆ ಒಳ್ಳೆಯದು. ಬಿಟ್ಟುಗಳಿಗಿಂತ ಅದರ ಉಪಕಾರ ದೊಡ್ಡದು.

ಆಲ್ಬಮ್ಮನ್ನು ಕೊಳ್ಳುವ ಮುನ್ನ ಅಥವಾ ತೆರೆಯುವ ಮುನ್ನ ನೋಡಬೇಕಾದ್ದು ಬಿಟ್ಟುಗಳನ್ನಲ್ಲ, ಐದನೆಯ ಹಾಡಿನ ಎದುರಿಗಿರುವ ಕಾಲಾವಧಿಯನ್ನು. ‘ವೈ ವರಿ’ ಎಂಟೂವರೆ ನಿಮಿಷವಿದ್ದರೆ ತೆಗೆದುಕೊಳ್ಳಿ; ಐದು ಚಿಲ್ಲರೆಗೆ ಮುಗಿಯುತ್ತಿದ್ದರೆ, ಅದು ಎಷ್ಟು ಬಿಟ್ಟಿನದಾದರೂ ಸರಿಯೆ, ಬಿಟ್ಟುಬಿಡಿ.